ನೆಟ್ ಇಲ್ಲದಿದ್ದರೂ ನಿಲ್ಲದ ಕೋಡಿಂಗ್

ಕನಕಪುರದಾಚೆಯ ಕಾಡಂಚು, ಸಾವನದುರ್ಗದ ತಪ್ಪಲು, ರಾಮನಗರದ ಬಂಡೆಬೆಟ್ಟಗಳ ಮರೆ: ಇಂಥ ಕಡೆ ಸಿಗ್ನಲ್ ಕೈಕೊಡುವುದುಂಟು. ಚನ್ನಪಟ್ಟಣದಿಂದ ಬೆಂಗಳೂರಿಗೆ ರೈಲಿನಲ್ಲಿ ಓಡಾಡುತ್ತಾ ಲ್ಯಾಪ್‌ಟಾಪ್ ತೆರೆಯುವವರಿಗೂ ಈ ಕಷ್ಟ ಹೊಸದಲ್ಲ. ಫಂಕ್ಷನ್ ಒಂದಕ್ಕೆ ಏನೇನು ಕೊಡಬೇಕೆಂದು ಮರೆತುಹೋದರೆ ಬಿಸಿಎ, ಎಂಜಿನಿಯರಿಂಗ್ ಓದುವ ಮಕ್ಕಳು ಕೆಲಸವನ್ನೇ ಬದಿಗಿಡುತ್ತಾರೆ. ಅದರ ಅಗತ್ಯವಿಲ್ಲ. ಬೇಕಾದ ಕೈಪಿಡಿ ಎಷ್ಟೋ ಸಲ ಅವರ ಲ್ಯಾಪ್‌ಟಾಪ್‌ನೊಳಗೇ ಇರುತ್ತದೆ.

ಕೈಪಿಡಿಯನ್ನು ಯಂತ್ರದ ಜೊತೆಗೇ ಕೊಡುವ ಪದ್ಧತಿ ಹಳೆಯದು. ಯುನಿಕ್ಸ್ ಕೈಪಿಡಿಯ ಮೊದಲ ಆವೃತ್ತಿ ಬಂದದ್ದು 1971ರ ನವೆಂಬರ್‌ನಲ್ಲಿ. ಇಂದಿಗೂ ಲಿನಕ್ಸ್ ಟರ್ಮಿನಲ್‌ನಲ್ಲಿ 'ಮ್ಯಾನ್ 3 ಪ್ರಿಂಟ್‌ಎಫ್' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಕೊಟ್ಟರೆ ಸಿ ಭಾಷೆಯ ಆ ಫಂಕ್ಷನ್‌ನ ಪೂರ್ಣ ವಿವರ ತೆರೆಯುತ್ತದೆ. ಉಬುಂಟು ಬಳಸುವವರು ಇದಕ್ಕಾಗಿ 'ಮ್ಯಾನ್‌ಪೇಜಸ್-ಡೆವ್' ಪ್ಯಾಕೇಜನ್ನು ನೆಟ್ ಇರುವಾಗಲೇ ಹಾಕಿಕೊಂಡಿರಬೇಕು.

ಪೈಥಾನ್ ಜೊತೆಗೆ 'ಪೈಡಾಕ್' ಬರುತ್ತದೆ. ಲ್ಯಾಪ್‌ಟಾಪ್‌ನಲ್ಲಿರುವ ಮಾಡ್ಯೂಲ್‌ಗಳ ವಿವರವನ್ನು ಅದು ನೆಟ್ ಇಲ್ಲದೆಯೇ ಬ್ರೌಸರ್‌ನಲ್ಲಿ ತೋರಿಸುತ್ತದೆ. ಪಾಠಗಳ ಸಹಿತ ಪೂರ್ತಿ ಕೈಪಿಡಿ ಬೇಕಿದ್ದರೆ ಪೈಥಾನ್‌ನ ಅಧಿಕೃತ ತಾಣದಿಂದ ಇಳಿಸಿಕೊಳ್ಳಬಹುದು. ರಸ್ಟ್‌ಗೆ 'ರಸ್ಟ್‌ಅಪ್ ಡಾಕ್', ಗೋ ಭಾಷೆಗೆ 'ಗೋ ಡಾಕ್' ಇವೆ.

ಹಲವು ಭಾಷೆಗಳನ್ನು ಒಟ್ಟಿಗೆ ಬಳಸುವವರಿಗೆ ವಿಂಡೋಸ್, ಲಿನಕ್ಸ್‌ಗಳಲ್ಲಿ ಓಡುವ 'ಜೀಲ್' ಒಳ್ಳೆಯದು. ಬೇಕಾದ ಭಾಷೆಗಳ ಕೈಪಿಡಿಗಳನ್ನು ಆರಿಸಿ ಒಮ್ಮೆ ಇಳಿಸಿಕೊಂಡರೆ ಹುಡುಕಾಟ ಕ್ಷಣದ ಕೆಲಸ. 'ಡೆವ್‌ಡಾಕ್ಸ್' ಇದನ್ನೇ ಬ್ರೌಸರ್‌ನಲ್ಲಿ ಮಾಡುತ್ತದೆ. ವಿಕಿಪೀಡಿಯವನ್ನು ನೆಟ್ ಇಲ್ಲದೆ ಓದಿಸಲು ಹುಟ್ಟಿದ 'ಕಿವಿಕ್ಸ್'ನಲ್ಲಿ ಸ್ಟ್ಯಾಕ್ ಓವರ್‌ಫ್ಲೋದ ಪ್ರಶ್ನೋತ್ತರಗಳೂ ಸಿಗುತ್ತವೆ. ಆದರೆ ಆ ಕಡತ ಬಹಳ ದೊಡ್ಡದು, ಹಾರ್ಡ್‌ಡಿಸ್ಕ್‌ನಲ್ಲಿ ಜಾಗ ನೋಡಿಕೊಳ್ಳಬೇಕು.

ಇದರಿಂದ ಇನ್ನೊಂದು ಲಾಭವಿದೆ. ನೆಟ್‌ನಲ್ಲಿ ಹುಡುಕಿದಾಗ ಯಾವುದೋ ಹಳೆಯ ಆವೃತ್ತಿಯ ಉತ್ತರ ಕೈಗೆ ಸಿಕ್ಕಿ ದಾರಿ ತಪ್ಪಿಸಬಹುದು. ಭಾಷೆಯ ಜೊತೆಗೇ ಬಂದ ಕೈಪಿಡಿ ಮಾತ್ರ ನಾವು ಹಾಕಿಕೊಂಡ ಆವೃತ್ತಿಯದೇ ಆಗಿರುತ್ತದೆ. ಸಿದ್ಧ ಉತ್ತರವನ್ನು ನಕಲು ಮಾಡುವ ಬದಲು ಫಂಕ್ಷನ್ ಏನನ್ನು ಪಡೆಯುತ್ತದೆ, ಏನನ್ನು ಮರಳಿಸುತ್ತದೆ, ಎಲ್ಲಿ ಎರರ್ ಕೊಡುತ್ತದೆ ಎಂದು ಓದಿ ತಿಳಿಯುವ ಅಭ್ಯಾಸವೂ ಬೆಳೆಯುತ್ತದೆ.

ಒಬ್ಬರು ಇಳಿಸಿಕೊಂಡದ್ದು ಹತ್ತು ಜನಕ್ಕೆ ಒದಗಬೇಕು. ರಾಮನಗರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಂಥ ಕಡೆ ಲ್ಯಾಬ್‌ನ ಸರ್ವರ್‌ನಲ್ಲಿ, ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳ ಕಂಪ್ಯೂಟರ್‌ಗಳಲ್ಲಿ ಈ ಕೈಪಿಡಿಗಳಿರಲಿ. ಪೆನ್‌ಡ್ರೈವ್ ತಂದ ವಿದ್ಯಾರ್ಥಿಗಳು ಅಲ್ಲಿಂದ ಮನೆಗೊಯ್ಯಲಿ. ಸೆಮಿಸ್ಟರ್ ಶುರುವಾಗುವ ಮೊದಲು ಅಧ್ಯಾಪಕರೊಬ್ಬರು ಮನಸ್ಸು ಮಾಡಿದರೆ ಆಗುವ ಕೆಲಸ ಇದು.