ಒಂದೇ ಗಾಜು, ಮೂರು ಕೈ

1973ರ ಜುಲೈನಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ನಗರದ ವಾಡ್ಸ್‌ವರ್ತ್ ಅಥೇನಿಯಮ್ ಮ್ಯೂಸಿಯಮ್ಮಿನಲ್ಲಿ, ಈಜಿಪ್ಟಿನ ಮಮ್ಮಿಯೊಂದನ್ನು ಇರಿಸಿದ್ದ ಗಾಜಿನ ಪೆಟ್ಟಿಗೆಯನ್ನು ಮೂವರು ಒಬ್ಬರಾದ ಮೇಲೊಬ್ಬರು ಒರೆಸಿದರು. ಮೊದಲನೆಯವನು ಆ ಕೆಲಸಕ್ಕೆಂದೇ ಇದ್ದ ಸಫಾಯಿ ನೌಕರ. ಎರಡನೆಯವರು ಕಲಾವಿದೆ ಮಿಯರ್ಲ್ ಲ್ಯಾಡರ್ಮನ್ ಯೂಕಲೀಸ್. ಅವರು ಅದೇ ಗಾಜನ್ನು ಒರೆಸಿ, ಇದು ‘ಮೇಂಟೆನೆನ್ಸ್ ಆರ್ಟ್’ ಎಂದು ಠಸ್ಸೆ ಒತ್ತಿದರು. ಠಸ್ಸೆ ಬಿದ್ದದ್ದೇ ತಡ, ಗಾಜು ಕಲಾಕೃತಿಯಾಗಿಬಿಟ್ಟಿತು. ಕಲಾಕೃತಿಯನ್ನು ಮುಟ್ಟುವ ಅಧಿಕಾರ ಸಫಾಯಿಯವನಿಗಿಲ್ಲ. ಆದ್ದರಿಂದ ಮೂರನೆಯ ಸಲ ಬಟ್ಟೆ ಹಿಡಿಯಬೇಕಾದವರು ಮ್ಯೂಸಿಯಮ್ಮಿನ ಕನ್ಸರ್ವೇಟರ್, ಅಂದರೆ ಕೃತಿಗಳ ಸಂರಕ್ಷಣೆಯ ತಜ್ಞ. ಕಲಾವಿದರ ಮೈ ಮತ್ತು ಕ್ರಿಯೆಯೇ ಕೃತಿಯಾಗುವ ಪರ್ಫಾರ್ಮೆನ್ಸ್ ಆರ್ಟ್ ಎಂದಕೂಡಲೇ ನೆತ್ತರು, ನಗ್ನತೆ, ಪ್ರಾಣಾಪಾಯದ ಸಾಹಸಗಳು ನೆನಪಾಗುತ್ತವೆ. ನನ್ನ ಮಟ್ಟಿಗೆ ಅವುಗಳಿಗಿಂತ ಹರಿತವಾದದ್ದು ಈ ಒರೆಸುವ ಬಟ್ಟೆ. ದುಡಿಮೆಯ ಬೆಲೆ ದುಡಿಮೆಯಲ್ಲೇ ಇದೆ, ಕೌಶಲ ಹೆಚ್ಚಿದಷ್ಟು ಗೌರವ ಹೆಚ್ಚು ಎಂದು ನಾವು ನಂಬಿದ್ದೇವೆ. ಇಲ್ಲಿ ಗಾಜೂ ಒಂದೇ, ಕೆಲಸವೂ ಒಂದೇ. ಬೆಲೆ ಬದಲಾದದ್ದು ಒರೆಸಿದವರ ಹುದ್ದೆ ಬದಲಾದದ್ದರಿಂದ ಮಾತ್ರ.

ಯೂಕಲೀಸ್ ಈ ಮಾತಿಗೆ ಬಂದದ್ದು ಮನೆಯಿಂದ. ಮೊದಲ ಮಗು ಹುಟ್ಟಿದ ಮೇಲೆ, 1969ರಲ್ಲಿ, ಅವರು ಒಂದು ಪ್ರಣಾಳಿಕೆ ಬರೆದರು. ಹೊಸದನ್ನು ಸೃಷ್ಟಿಸುವ ಕೆಲಸಕ್ಕೆ ಕೀರ್ತಿ, ಇದ್ದದ್ದನ್ನು ಕಾಪಾಡಿಕೊಳ್ಳುವ ಕೆಲಸಕ್ಕೆ ಬೇಸರ ಮತ್ತು ಕಡಿಮೆ ಕೂಲಿ ಎಂಬುದು ಅದರ ತಕರಾರು. ಮ್ಯೂಸಿಯಮ್ಮಿನಲ್ಲೇ ವಾಸವಿದ್ದು ಗುಡಿಸಿ, ಧೂಳು ಹೊಡೆದು, ಅಡುಗೆ ಮಾಡುತ್ತೇನೆ, ಅದೇ ನನ್ನ ಪ್ರದರ್ಶನ ಎಂಬ ಸಲಹೆಯೂ ಅದರಲ್ಲಿತ್ತು. ಹಾರ್ಟ್‌ಫರ್ಡ್‌ನಲ್ಲಿ ಅವರು ಮೊಣಕಾಲೂರಿ ಮೆಟ್ಟಿಲನ್ನೂ ನೆಲವನ್ನೂ ಗಂಟೆಗಟ್ಟಲೆ ತೊಳೆದರು, ಮಗುವಿನ ಲಂಗೋಟಿ ಬಟ್ಟೆಗಳಿಂದ ಒರೆಸಿದರು. ಜನ ನಡೆದು ಹೆಜ್ಜೆಗುರುತು ಮೂಡಿದಲ್ಲಿ ಮತ್ತೆ ತೊಳೆದರು.

ಇಂಥ ಕೆಲಸವನ್ನು ಪ್ರದರ್ಶನಕ್ಕಿಡುವುದಕ್ಕೆ ಒಂದು ಸಮಂಜಸ ಆಕ್ಷೇಪವಿದೆ. ಗ್ಯಾಲರಿಯ ತೆರೆಮರೆಯ ಕೆಲಸ ಕಾಣಬಾರದು, ಕಾಣದಿರುವುದೇ ಅದರ ಕಸುಬುಗಾರಿಕೆ. ಪೆಟ್ಟಿಗೆ ಬಿಚ್ಚುವಾಗ ಪ್ರತಿ ಗೀರನ್ನೂ ದಾಖಲಿಸಿ, ಕೈಗವಸು ತೊಟ್ಟು ಎತ್ತಿ, ಮಟ್ಟಗೋಲು ಹಿಡಿದು ನೇತುಹಾಕಿ, ಕಾಗದದ ಕೃತಿಯಾದರೆ ಬಣ್ಣ ಮಾಸದಂತೆ ಬೆಳಕನ್ನು ಸುಮಾರು 50 ಲಕ್ಸ್‌ಗೆ ಇಳಿಸಿ, ಗೋಡೆಯ ಹಳೆಯ ತೂತುಗಳಿಗೆ ಮೆತ್ತಿ ಬಿಳಿ ಬಳಿಯುವವರು ತಮ್ಮ ಗುರುತನ್ನು ತಾವೇ ಅಳಿಸುತ್ತಾರೆ. ಯಕ್ಷಗಾನದ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕೋಣೆಯಲ್ಲಿ, ನಡೆಯುವುದೆಲ್ಲ ರಂಗಸ್ಥಳದಲ್ಲೇ ನಡೆದರೆ ವೇಷಕ್ಕೆ ಬೆಲೆ ಎಲ್ಲಿ? ಒಪ್ಪಿದೆ. ಆದರೆ ಚೌಕಿ ಇದೆಯೆಂದು ಯಕ್ಷಗಾನದ ಪ್ರೇಕ್ಷಕನಿಗೆ ಗೊತ್ತು; ಬೇಕಾದರೆ ಇಣುಕಿಯೂ ಬರುತ್ತಾನೆ. ಬಿಳಿ ಗೋಡೆಯ ಗ್ಯಾಲರಿ ಮಾತ್ರ ತನಗೆ ಹಿಂಬದಿಯೇ ಇಲ್ಲವೆಂಬಂತೆ ನಟಿಸುತ್ತದೆ. ಕಲಾವಿದ ಮೈಕೇಲ್ ಆಶರ್ 1974ರಲ್ಲಿ ಲಾಸ್ ಏಂಜಲೀಸ್‌ನ ಕ್ಲೇರ್ ಕಾಪ್ಲಿ ಗ್ಯಾಲರಿಯಲ್ಲಿ ಮಾಡಿದ್ದು ಇಷ್ಟೇ: ಪ್ರದರ್ಶನದ ಜಾಗಕ್ಕೂ ಕಚೇರಿಗೂ ನಡುವಿನ ಗೋಡೆಯನ್ನು ತೆಗೆಸಿದರು. ಒಳಗೆ ಬಂದವರಿಗೆ ಕಂಡದ್ದು ವ್ಯವಹಾರ. 2008ರಲ್ಲಿ ಸಾಂಟಾ ಮೋನಿಕಾ ಮ್ಯೂಸಿಯಮ್ಮಿನಲ್ಲಿ, ಅಲ್ಲಿ ಹತ್ತು ವರ್ಷಗಳಲ್ಲಿ ನಡೆದಿದ್ದ 44 ಪ್ರದರ್ಶನಗಳ ತಾತ್ಕಾಲಿಕ ಗೋಡೆಗಳ ಅಸ್ಥಿಪಂಜರಗಳನ್ನೆಲ್ಲ ಒಟ್ಟಿಗೆ ಮತ್ತೆ ನಿಲ್ಲಿಸಿದರು. ಒಂದೊಂದು ಪ್ರದರ್ಶನಕ್ಕೂ ಯಾರೋ ಕಟ್ಟಿ, ಯಾರೋ ಕೆಡವಿದ್ದ ಕೆಲಸ ಒಮ್ಮೆಲೇ ಎದುರು ನಿಂತಿತು. ಇದನ್ನು ನೋಡಿದ್ದರಿಂದ ಯಾವ ಚಿತ್ರದ ಸೊಬಗೂ ಕುಂದಿದಂತೆ ನನಗೆ ತೋರುವುದಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆಯದು. ಕಲಾವಿದೆ ಒಂದು ದಿನ ನೆಲ ತೊಳೆದರೆ ಚರಿತ್ರೆಗೆ ಸೇರುತ್ತಾರೆ. ಜೀವನವಿಡೀ ತೊಳೆದವನು ಅದೇ ಕೂಲಿಗೆ ಮರುದಿನವೂ ಬರುತ್ತಾನೆ. ಹಾರ್ಟ್‌ಫರ್ಡ್ ಪ್ರಸಂಗ ಹೇಳುವವರೂ ಮೊದಲು ಗಾಜು ಒರೆಸಿದವನ ಹೆಸರು ಹೇಳುವುದು ಅಪರೂಪ (ಈ ಬರಹವೂ ಹೇಳಿಲ್ಲ). ಇದನ್ನು ಪೂರ್ತಿ ತಳ್ಳಿಹಾಕಲಾಗದು. 2011ರ ಆಗಸ್ಟ್‌ನಿಂದ ಸುಮಾರು ಹತ್ತು ತಿಂಗಳು ನ್ಯೂಯಾರ್ಕಿನ ಸಾಥಬೀಸ್ ಹರಾಜು ಸಂಸ್ಥೆ, ಕೃತಿಗಳನ್ನು ಹೊತ್ತು ಸಾಗಿಸುವ ನಲವತ್ತಕ್ಕೂ ಹೆಚ್ಚು ನೌಕರರನ್ನು ಲಾಕೌಟ್ ಮಾಡಿ ಕೆಲಸದಿಂದ ಹೊರಗಿಟ್ಟಿತ್ತು. ಅದೇ ಅವಧಿಯಲ್ಲಿ, 2012ರ ಮೇನಲ್ಲಿ, ಚಿತ್ರಕಾರ ಮುಂಕ್‌ನ ‘ದಿ ಸ್ಕ್ರೀಮ್’ ಚಿತ್ರ ಅಲ್ಲಿ ಸುಮಾರು 12 ಕೋಟಿ ಡಾಲರಿಗೆ ಮಾರಾಟವಾಯಿತು. ಆ ನೌಕರರ ಪರವಾಗಿ ಮಾತುಕತೆಗೆ ಕೂತದ್ದು ಅವರ ಕಾರ್ಮಿಕ ಸಂಘ. ಕೂಲಿಯ ಪ್ರಶ್ನೆಯನ್ನು ಬಿಡಿಸುವ ಶಕ್ತಿ ಪರ್ಫಾರ್ಮೆನ್ಸ್‌ಗಿಲ್ಲ. ಆದರೆ ಯೂಕಲೀಸ್ ಈ ತೊಡಕನ್ನು ಕಾಣದವರಲ್ಲ. 1976ರಲ್ಲಿ ವಿಟ್ನಿ ಮ್ಯೂಸಿಯಮ್ಮಿನ ಶಾಖೆಯಿದ್ದ ನ್ಯೂಯಾರ್ಕ್ ಕಟ್ಟಡದ 300 ನಿರ್ವಹಣಾ ಕಾರ್ಮಿಕರಿಗೆ, ದಿನದ ಕೆಲಸದಲ್ಲಿ ಒಂದು ಗಂಟೆಯನ್ನು ಕಲೆಯೆಂದು ಭಾವಿಸಿ ಎಂದು ಕೇಳಿಕೊಂಡರು. ಪೊಲರಾಯ್ಡ್ ಫೋಟೋ ತೆಗೆದು, ನೀವೀಗ ಮಾಡುತ್ತಿರುವುದು ಕೆಲಸವೋ ಕಲೆಯೋ ಎಂದು ಅವರನ್ನೇ ವಿಚಾರಿಸಿ, ಅವರು ಹೇಳಿದ್ದನ್ನೇ ಚೀಟಿಗೆ ಬರೆದರು. ಹಾರ್ಟ್‌ಫರ್ಡ್‌ನಲ್ಲಿ ಕಲಾವಿದೆಯ ಕೈಯಲ್ಲಿದ್ದ ಠಸ್ಸೆ ಮೂರೇ ವರ್ಷಗಳಲ್ಲಿ ಕಾರ್ಮಿಕರ ಕೈಗೆ ದಾಟಿತ್ತು. ಪರರ ಬೆವರಿನಲ್ಲಿ ಕಲಾವಿದೆಯ ಲಾಭ ಎನ್ನುವವರು ಇನ್ನೊಂದನ್ನೂ ಲೆಕ್ಕಕ್ಕೆ ಹಿಡಿಯಬೇಕು. 1977ರಿಂದ ಯೂಕಲೀಸ್ ನ್ಯೂಯಾರ್ಕ್ ನಗರದ ನೈರ್ಮಲ್ಯ ಇಲಾಖೆಯ ಕಲಾವಿದೆ. 1979–80ರಲ್ಲಿ ಆ ಇಲಾಖೆಯ ಸುಮಾರು 8,500 ಕಾರ್ಮಿಕರ ಕೈಕುಲುಕಿ ಧನ್ಯವಾದ ಹೇಳಿ ಬಂದರು. ಅವರೆಲ್ಲರಿಗೂ ಇಲಾಖೆಯಿಂದ ಸಂಬಳ ಬರುತ್ತಿತ್ತು, ಯೂಕಲೀಸ್ ಅವರ ಹುದ್ದೆಗೆ ಸಂಬಳವಿರಲಿಲ್ಲ.