ಗುಡ್ಡದ ಮೇಲಿನ ಮದ್ದು, ಗುಡ್ಡದೊಳಗಿನ ನೀರು

ಅಬುಧಾಬಿ ನಗರದ ಅಂಚಿನಲ್ಲಿ, 1972ರಲ್ಲಿ ತೆರೆದ ಜಾಯೆದ್ ಬಂದರಿನ ಮಗ್ಗುಲಿಗೆ, ಅಲ್ ಮೀನಾ ಎಂಬ ಪ್ರದೇಶದಲ್ಲಿ ಒಂದು ದೊಡ್ಡ ಹಣ್ಣು-ತರಕಾರಿ ಮಾರುಕಟ್ಟೆಯುಂಟು. ಭಾರತದ ಈರುಳ್ಳಿ, ಈಜಿಪ್ಟಿನ ಕಿತ್ತಳೆ, ಜೋರ್ಡನ್ನಿನ ಹೂಕೋಸು, ಒಮಾನಿನ ಎಳನೀರು, ಇರಾನಿನ ಕರಬೂಜ ಇವೆಲ್ಲವೂ ತಂತಮ್ಮ ದೇಶದ ಹೆಸರನ್ನು ಹೊತ್ತ ಪೆಟ್ಟಿಗೆಗಳಲ್ಲಿ ಮೊಣಕಾಲೆತ್ತರಕ್ಕೆ ಪೇರಿಸಲ್ಪಟ್ಟು, ತಾವು ಬೆಳೆದ ಮಣ್ಣು ಹೇಗಿದ್ದಿತು, ತಮಗೆರೆದ ನೀರು ಎಲ್ಲಿಂದ ಬಂದಿತು ಎಂಬ ವಿಷಯದಲ್ಲಿ ಸಂಪೂರ್ಣ ಮೌನವನ್ನು ತಾಳಿ, ಕೊಳ್ಳುವವರನ್ನು ಎದುರುನೋಡುತ್ತವೆ. ವಾರದ ರಜೆಯಲ್ಲಿ ಕರಿಬೇವು, ನುಗ್ಗೆಕಾಯಿ, ತೊಂಡೆಕಾಯಿಗಳನ್ನು ಅರಸಿ ಅಲ್ಲಿಗೆ ಬರುವ ಕನ್ನಡ ಕುಟುಂಬಗಳೂ ಉಂಟು. ಸಾವಯವವೆಂಬ ಮುದ್ರೆಯುಳ್ಳ ಟೊಮೆಟೊವನ್ನೂ ಮುದ್ರೆಯಿಲ್ಲದ ಟೊಮೆಟೊವನ್ನೂ ಎರಡು ಕೈಗಳಲ್ಲಿ ಹಿಡಿದು, ಬೆಲೆಯ ವ್ಯತ್ಯಾಸವನ್ನು ಮನಸ್ಸಿನಲ್ಲಿಯೇ ಲೆಕ್ಕಹಾಕುತ್ತ, ನಮ್ಮ ಮಗುವಿಗೆ ಯಾವುದು ನಿರಪಾಯಕರವೆಂದು ಚಿಂತಿಸುವ ತಾಯಂದಿರ ಮುಖದಲ್ಲಿ ತೋರುವ ಕಳವಳವು ಸಹಜವಾದುದು, ಗೌರವಾರ್ಹವಾದುದು. ಆದರೆ ಸಾವಯವ ಕೃಷಿಗೂ ರಾಸಾಯನಿಕ ಕೃಷಿಗೂ ನಡುವಣ ವಿವಾದವೆಲ್ಲವೂ ಈ ಒಂದು ಪ್ರಶ್ನೆಯಲ್ಲಿಯೇ, ಎಂದರೆ ಉಣ್ಣುವವನ ಕ್ಷೇಮದ ಪ್ರಶ್ನೆಯಲ್ಲಿಯೇ, ಬಂದು ನಿಂತುಬಿಡುವುದು ನನಗೆ ಸರಿಯೆಂದು ತೋರುವುದಿಲ್ಲ.

ಉಣ್ಣುವವನ ವಿಷಯದಲ್ಲಿ ಈ ದೇಶವು ಅಲಕ್ಷ್ಯ ತೋರಿಲ್ಲ. ಸಾವಯವ ಉತ್ಪನ್ನಗಳನ್ನು ಕುರಿತು 2009ರಲ್ಲಿಯೇ ಇಲ್ಲಿ ಒಕ್ಕೂಟದ ಕಾನೂನು ಬಂದಿತು. 2017ರಲ್ಲಿ ಕೀಟನಾಶಕದ ಶೇಷಾಂಶವು ಮಿತಿಮೀರಿದೆಯೆಂಬ ಕಾರಣಕ್ಕೆ ಈಜಿಪ್ಟಿನ ಮೆಣಸಿನಕಾಯಿ, ಜೋರ್ಡನ್ನಿನ ಎಲೆಕೋಸು ಹೂಕೋಸುಗಳು, ಲೆಬನಾನಿನ ಸೇಬು, ಒಮಾನಿನ ಕರಬೂಜ ಗಜ್ಜರಿಗಳು, ಯೆಮೆನ್ ದೇಶದ ಸಮಸ್ತ ಹಣ್ಣುಗಳು, ಇವುಗಳ ಆಮದನ್ನು ಮೇ ತಿಂಗಳ 15ರಿಂದ ಸರ್ಕಾರವು ತಡೆಹಿಡಿದಿತು. ಬಂದರಿನಲ್ಲಿ ಮಾದರಿಯನ್ನು ತೆಗೆದು ಪರೀಕ್ಷಿಸಿ ದೋಷಯುಕ್ತವಾದುದನ್ನು ಹಿಂದಕ್ಕೆ ಕಳುಹಿಸುವ ಅಧಿಕಾರವುಳ್ಳವರಿಗೆ ಉಣ್ಣುವವನನ್ನು ಕಾಯುವುದು ಅಸಾಧ್ಯವಾದ ಕಾರ್ಯವಲ್ಲ.

ರಾಸಾಯನಿಕವನ್ನು ಕೇವಲ ದೂಷಿಸಿ ಮುಂದೆ ಹೋಗುವುದೂ ನ್ಯಾಯವಲ್ಲ. ಗಾಳಿಯಲ್ಲಿರುವ ಸಾರಜನಕವನ್ನು ಅಮೋನಿಯವಾಗಿ ಬಂಧಿಸುವ ವಿದ್ಯೆಯನ್ನು ಫ್ರಿಟ್ಸ್ ಹಾಬರನು 1909ರಲ್ಲಿ ಸಾಧಿಸಿ ತೋರಿದ ಬಳಿಕ, ಹಟ್ಟಿಗೊಬ್ಬರವೂ ಹಸುರೆಲೆಯೂ ಸಾಲದೆ ಸೊರಗುತ್ತಿದ್ದ ಹೊಲಗಳಿಗೆ ಹೊಸದೊಂದು ಆಸರೆ ದೊರೆಯಿತು. ಇಂದು ಆ ಕಾರ್ಯಕ್ಕೆ ಬೇಕಾದ ನೈಸರ್ಗಿಕ ಅನಿಲವು ಹೇರಳವಾಗಿರುವುದು ಕೊಲ್ಲಿಯ ನಾಡುಗಳಲ್ಲಿ. ಅಬುಧಾಬಿಯ ಪಶ್ಚಿಮಕ್ಕಿರುವ ರುವೈಸಿನಲ್ಲಿ 1980ರಲ್ಲಿ ರಸಗೊಬ್ಬರದ ಉದ್ಯಮವು ಸ್ಥಾಪಿತವಾಯಿತು; ಒಮಾನಿನ ಸೂರ್ ಪಟ್ಟಣದ ಬಳಿ ನಮ್ಮ ದೇಶದ ಇಫ್ಕೊ, ಕ್ರಿಭ್ಕೊ ಸಹಕಾರ ಸಂಸ್ಥೆಗಳ ಪಾಲುಗಾರಿಕೆಯಲ್ಲಿ ಯೂರಿಯಾ ಕಾರ್ಖಾನೆಯೊಂದು ನಡೆಯುತ್ತಿದೆ. ತನಗೆ ಬೇಕಾದಷ್ಟು ಈರುಳ್ಳಿಯನ್ನು ತಾನು ಬೆಳೆಯಲಾರದ ಈ ಮರಳುನಾಡು, ಈರುಳ್ಳಿ ಬೆಳೆಯುವ ನಾಡುಗಳಿಗೆ ಗೊಬ್ಬರವನ್ನು ಕಳುಹಿಸುತ್ತದೆ. ಸಾವಯವದಲ್ಲಿ ಇಳುವರಿಯು ಸರಾಸರಿಯಲ್ಲಿ ಐದರಲ್ಲೊಂದು ಪಾಲಿನಷ್ಟು ಕಡಿಮೆಯಾಗುವುದೆಂದು ಅನೇಕ ದೇಶಗಳ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದವರು ಹೇಳುತ್ತಾರೆ. ಶ್ರೀಲಂಕಾದ ಸರ್ಕಾರವು 2021ರಲ್ಲಿ ಯಾವ ಪೂರ್ವಸಿದ್ಧತೆಯೂ ಇಲ್ಲದೆ ರಸಗೊಬ್ಬರದ ಆಮದನ್ನು ನಿಷೇಧಿಸಿ ಅದೇ ವರ್ಷದೊಳಗಾಗಿ ಆಜ್ಞೆಯನ್ನು ಹಿಂತೆಗೆದುಕೊಂಡುದೂ ಭತ್ತದ ಬೆಳೆ ಕುಸಿದುದೂ ನಮ್ಮ ಕಣ್ಣೆದುರಿನ ಸಂಗತಿ. ಮಣ್ಣನ್ನು ವರ್ಷಗಟ್ಟಲೆ ಪೋಷಿಸಿ ಸಿದ್ಧಗೊಳಿಸದೆ ಕೇವಲ ಶಾಸನದಿಂದ ಸಾವಯವವು ಸಿದ್ಧಿಸುವುದಿಲ್ಲ.

ಹಾಗಾದರೆ ಎರಡು ಪದ್ಧತಿಗಳ ನಡುವಣ ಭೇದವನ್ನು ಎಲ್ಲಿ ಹುಡುಕಬೇಕು? ಕೊಲ್ಲಿಗೆ ಬಂದು ದುಡಿಯುವ ಅಸಂಖ್ಯ ಜನರ ತವರಾದ ಕಾಸರಗೋಡಿನ ಕಡೆಗೆ ಒಮ್ಮೆ ತಿರುಗಿ ನೋಡಬೇಕೆಂದು ನನ್ನ ಅಭಿಪ್ರಾಯ. ಕನ್ನಡ, ತುಳು, ಮಲಯಾಳಗಳು ಒಂದೇ ಅಂಗಳದಲ್ಲಿ ಕೇಳಿಬರುವ ಆ ಗಡಿನಾಡಿನ ಎಣ್ಮಕಜೆ, ಪಡ್ರೆ, ಬಾಯಾರುಗಳಲ್ಲಿ ನೀರನ್ನು ಪಡೆಯುವ ಒಂದು ವಿಶಿಷ್ಟ ಕ್ರಮವುಂಟು. ಗುಡ್ಡದ ಓರೆಯಲ್ಲಿ, ಒಬ್ಬ ಮನುಷ್ಯನು ಬಗ್ಗಿ ನಡೆಯಬಹುದಾದಷ್ಟು ಎತ್ತರಕ್ಕೆ, ಮುರಕಲ್ಲನ್ನು ಅಡ್ಡಡ್ಡಲಾಗಿ ಕೊರೆಯುತ್ತ ಕತ್ತಲೆಯೊಳಗೆ ಸಾಗಿದರೆ, ಎಲ್ಲಿಯೋ ಒಂದೆಡೆ ಕಲ್ಲಿನ ಸಂದಿನಿಂದ ನೀರು ಜಿನುಗತೊಡಗುತ್ತದೆ. ಆ ನೀರು ಯಾವ ಯಂತ್ರದ ಹಂಗೂ ಇಲ್ಲದೆ, ನೆಲದ ಇಳಿಜಾರನ್ನೇ ನಂಬಿ, ಹೊರಗಿನ ಕೆರೆಗೆ ಹರಿದು ಬಂದು, ಮನೆಯ ಕೊಡವನ್ನೂ ಅಡಿಕೆಯ ತೋಟವನ್ನೂ ತುಂಬಿಸುತ್ತದೆ. ಇದೇ ಸುರಂಗ. ಇಲ್ಲಿ ಅಬುಧಾಬಿ ಸೀಮೆಯ ಅಲ್ ಐನಿನ ಓಯಸಿಸ್ಸಿನ ಖರ್ಜೂರದ ಮರಗಳಿಗೆ ನೀರುಣಿಸಿದ ಫಲಜ್ ಕಾಲುವೆಯನ್ನು ಕಂಡವರಿಗೆ ಎರಡರ ಸಾದೃಶ್ಯವು ಕೂಡಲೇ ಹೊಳೆಯುವುದು. ಅಲ್ಲಿನ ಹಿಲಿಯಲ್ಲಿ ಸುಮಾರು 3000 ವರ್ಷಗಳಷ್ಟು ಹಳೆಯದಾದ ಫಲಜಿನ ಕುರುಹುಗಳು ದೊರೆತಿವೆ. ಅಲ್ ಐನಿನ ಆ ಪ್ರಾಚೀನ ತಾಣಗಳನ್ನು 2011ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಂಥ ಸುರಂಗಗಳಿರುವ ಗುಡ್ಡಗಳ ನೆತ್ತಿಯ ಮೇಲೆಯೇ ಕೇರಳದ ತೋಟಗಾರಿಕಾ ನಿಗಮದ ಗೇರುತೋಟಗಳು ಹಬ್ಬಿದ್ದವು. ಗೇರಿನ ಚಿಗುರನ್ನೂ ಹೂವನ್ನೂ ಹೀರಿ ಕರಕಲಾಗಿಸುವ ಟೀ ಸೊಳ್ಳೆಯೆಂಬ ಕೀಟದ ನಿವಾರಣೆಗೆಂದು, 1970ರ ದಶಕದ ಉತ್ತರಾರ್ಧದಿಂದ 2000ದ ವರೆಗೆ, ವರ್ಷವರ್ಷವೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನನ್ನು ಸಿಂಪಡಿಸಲಾಯಿತು. ಬಾವಿಯ ಬಾಯಿಯನ್ನಾದರೂ ಒಂದು ದಿನದ ಮಟ್ಟಿಗೆ ಹೊದಿಕೆಯಿಂದ ಮುಚ್ಚಬಹುದು. ಗುಡ್ಡವನ್ನೇ ತನ್ನ ಜಲಪಾತ್ರೆಯಾಗಿ ಉಳ್ಳ ಸುರಂಗವನ್ನು ಮುಚ್ಚುವವರಾರು? ಮಳೆ ಬಂದಾಗ ಮೇಲಣ ಮಣ್ಣು ತೊಳೆದು ತೋಡಿಗಿಳಿಯುವುದನ್ನು ತಡೆಯುವವರಾರು?

ಮೊದಲು ನುಡಿದುದು ದನಕರುಗಳ ದೇಹ. ಕರುಗಳು ಅಂಗವಿಕಲವಾಗಿ ಹುಟ್ಟುತ್ತಿರುವುದನ್ನು ಪಡ್ರೆ ಊರಿನ ಕೃಷಿಕರೂ ಪತ್ರಕರ್ತರೂ ಆದ ಶ್ರೀಪಡ್ರೆಯವರು 1979ರಷ್ಟು ಹಿಂದೆಯೇ ಪತ್ರಿಕೆಯಲ್ಲಿ ಬರೆದರು. ರೈತರ ಕೈಗೇ ಲೇಖನಿಯನ್ನು ಕೊಟ್ಟ ‘ಅಡಿಕೆ ಪತ್ರಿಕೆ’ಯು ಮುಂದೆ 1988ರಲ್ಲಿ ಪುತ್ತೂರಿನಿಂದ ಹೊರಡತೊಡಗಿದಾಗ ಅದರ ಹಿಂದಿದ್ದವರಲ್ಲಿಯೂ ಇವರೊಬ್ಬರು. ಅದೇ ಸೀಮೆಯ ವೈದ್ಯರಾದ ಡಾ. ವೈ. ಎಸ್. ಮೋಹನ ಕುಮಾರರು, ತಮ್ಮ ಬಳಿಗೆ ಬರುವ ಬಡ ಮನೆಗಳಲ್ಲಿ ಬುದ್ಧಿಮಾಂದ್ಯ, ಅಪಸ್ಮಾರ, ಜನ್ಮಜಾತ ವೈಕಲ್ಯ, ಅರ್ಬುದಗಳು ಒಂದೇ ತೋಡಿನ ಆಚೀಚೆ ಗುಂಪುಗೂಡಿರುವುದನ್ನು ಕಂಡು, ಇದು ವಿಧಿಯಲ್ಲ, ವಿಚಾರಿಸಬೇಕಾದ ಸಂಗತಿಯೆಂದು ಜನರನ್ನು ಎಚ್ಚರಿಸಿದರು. ಕೃಷಿ ಇಲಾಖೆಯಲ್ಲಿಯೇ ನೌಕರಿಯಲ್ಲಿದ್ದ ಲೀಲಾಕುಮಾರಿ ಅಮ್ಮ ಎಂಬ ಮಹಿಳೆಯು 1998ರಲ್ಲಿ ಹೊಸದುರ್ಗದ ನ್ಯಾಯಾಲಯದ ಮೆಟ್ಟಿಲೇರಿದರು. ಆಕೆಯ ಹಟದಿಂದಲೇ ಸಿಂಪರಣೆಗೆ ತಡೆ ಬಂದಿತು. ಕಾರಣವನ್ನು ಕುರಿತು ವಿಜ್ಞಾನಿಗಳೊಳಗೆ ವಾದ ಪ್ರತಿವಾದಗಳು ಬಹುಕಾಲ ನಡೆದವು. ಕಟ್ಟಕಡೆಗೆ 2011ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಈ ವಿಷವನ್ನು ತ್ಯಜಿಸಬೇಕಾದ ವಸ್ತುಗಳ ಪಟ್ಟಿಗೆ ಸೇರಿಸಿದವು. ಅದೇ ವರ್ಷದ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಭಾರತದಾದ್ಯಂತ ಅದರ ತಯಾರಿಕೆ ಮಾರಾಟಗಳನ್ನು ತಡೆಯಿತು. ಗಡಿಯ ಈಚೆ, ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆಗಳ ಗೇರುತೋಪುಗಳ ನೆರೆಯವರೂ ಇದೇ ದುಃಖವನ್ನು ಉಂಡವರೆಂಬುದನ್ನು ನಾವು ಮರೆಯಲಾಗದು.

ಈ ಕಥೆಯಲ್ಲಿ ಗೇರುಬೀಜವನ್ನು ತಿಂದವನಿಗೆ ಏನಾಯಿತೆಂದು ಯಾರೂ ಕೇಳಲಿಲ್ಲ. ತಿರುಳು ದಪ್ಪ ಸಿಪ್ಪೆಯೊಳಗೆ ಸುರಕ್ಷಿತವಾಗಿರುವುದು. ಅದನ್ನು ಬಂದರಿನ ಪರೀಕ್ಷಾಲಯಕ್ಕೆ ಒಯ್ದವನು ಪಡ್ರೆಯ ತೋಡಿನ ವಾರ್ತೆಯನ್ನು ಅದರಲ್ಲಿ ಓದಬಲ್ಲನೆ? ಪಾಯಸದಲ್ಲಿ ಅದನ್ನು ಸವಿದವನು ದೂರದಲ್ಲಿದ್ದನು, ತೋಟದ ಲೆಕ್ಕಪತ್ರವನ್ನು ನೋಡುವವನು ಇನ್ನೊಂದು ದೂರದಲ್ಲಿದ್ದನು. ಗುಡ್ಡದ ಕೆಳಗೆ ನೀರು ಕುಡಿದವರು ಮಾತ್ರ ಹತ್ತಿರದಲ್ಲಿದ್ದರು. ನಮ್ಮ ಅಡಿಕೆ ಬೆಳೆಗಾರನನ್ನು ಇದರೊಡನೆ ಇಟ್ಟು ನೋಡಿರಿ. ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಬಳಸುವ ಕ್ರಮವನ್ನು ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ನರು ಇಪ್ಪತ್ತನೆಯ ಶತಮಾನದ ಆದಿಯಲ್ಲಿಯೇ ಮಲೆನಾಡಿಗೆ ಕಲಿಸಿದರು; ಅಂದಿನಿಂದ ಮಳೆಗಾಲದ ಮೊದಲಲ್ಲಿ ಮೈಲುತುತ್ತನ್ನೂ ಸುಣ್ಣವನ್ನೂ ಬೇರೆ ಬೇರೆ ಕದಡಿ ಕೂಡಿಸಿ, ಮರವೇರಿದವನು ಒಂದೊಂದು ಗೊನೆಗೂ ಗುರಿಯಿಟ್ಟು ಮದ್ದು ಬಿಡುತ್ತಾನೆ. ಅದೂ ರಾಸಾಯನಿಕವೇ, ತಾಮ್ರವು ಮಣ್ಣಿನಲ್ಲಿ ಕೂಡಿಕೊಳ್ಳುವ ದೋಷವೂ ಅದಕ್ಕುಂಟು. ಆದಾಗ್ಯೂ ಮದ್ದು ಬಿಡಿಸುವ ಯಜಮಾನನ ಮನೆಯ ಬಾವಿಯು ಅದೇ ತೋಟದ ಅಂಚಿನಲ್ಲಿರುವುದರಿಂದ, ಎಷ್ಟು ಸಾಕು, ಎಲ್ಲಿ ನಿಲ್ಲಿಸಬೇಕು ಎಂಬ ವಿವೇಕಕ್ಕೆ ಅಲ್ಲಿ ಒಬ್ಬ ಕಾವಲುಗಾರನಿರುತ್ತಾನೆ. ತೀರ್ಥಹಳ್ಳಿಯ ಪುರುಷೋತ್ತಮ ರಾಯರೂ ದೊಡ್ಡಬಳ್ಳಾಪುರದ ನಾರಾಯಣ ರೆಡ್ಡಿಯವರೂ ಸಾವಯವವನ್ನು ಸಾರಿದಾಗ, ಪೇಟೆಯ ಗಿರಾಕಿಗೆ ಶುದ್ಧವಾದ ಹಣ್ಣನ್ನು ಒದಗಿಸುವುದಕ್ಕಿಂತ ಮೊದಲು, ಸ್ವಂತ ಮಣ್ಣು ನೀರುಗಳ ಮೇಲಣ ಈ ಕಾವಲನ್ನು ರೈತನ ಕೈಗೆ ಮರಳಿ ಕೊಡಲೆಳಸಿದರೆಂದು ನಾನು ತಿಳಿಯುತ್ತೇನೆ. ಕರ್ನಾಟಕವು 2004ರಲ್ಲಿ ಸಾವಯವ ಕೃಷಿನೀತಿಯನ್ನು ಪ್ರಕಟಿಸಿದುದಕ್ಕೆ ಇಂಥವರ ದುಡಿಮೆಯೇ ಭೂಮಿಕೆ.

ಆದುದರಿಂದ ಅಲ್ ಮೀನಾದ ಅಂಗಡಿಯಲ್ಲಿ ಸಾವಯವದ ಮುದ್ರೆಗೆಂದು ಹೆಚ್ಚಿನ ಹಣವನ್ನು ಕೊಡುವವರು, ಅದು ತಮ್ಮ ಊಟಕ್ಕೆ ಮಾತ್ರ ತೆತ್ತ ಬೆಲೆಯೆಂದು ಭಾವಿಸದಿರಲಿ. ತಾವು ಎಂದೂ ಕಾಣದ ಹೊಲವೊಂದರ ಪಕ್ಕದಲ್ಲಿ ಕಳೆ ಕೀಳುವ ಹೆಂಗಸಿನ, ಅಲ್ಲಿನ ತೋಡಿನಲ್ಲಿ ಆಡುವ ಮಕ್ಕಳ ಪಾಲೂ ಅದರಲ್ಲುಂಟು. ಮುದ್ರೆಯಿಲ್ಲದ ಪೆಟ್ಟಿಗೆಯ ವಿಷಯದಲ್ಲಿಯೂ ಆ ಪಾಲನ್ನು ಕೇಳುವ ವ್ಯವಸ್ಥೆ ಬರಬೇಕು: ಶೇಷಾಂಶವೆಷ್ಟು ಎಂಬುದರ ಜೊತೆಗೆ, ಯಾವ ಮದ್ದು, ಯಾರ ಕೈಯಿಂದ, ಯಾರ ನೀರಿನ ಮೇಲೆ ಎಂಬುದೂ ಆಮದಿನ ಕಾಗದಪತ್ರದಲ್ಲಿ ದಾಖಲಾಗಬೇಕು. ಹೀಗೆ ಕೇಳದಿದ್ದಲ್ಲಿ ಆಗುವ ವಿಳಂಬವು ಎಂಥದೆಂಬುದಕ್ಕೆ ಕಾಸರಗೋಡೇ ಸಾಕ್ಷಿ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಸುಪ್ರೀಂ ಕೋರ್ಟು 2017ರ ಜನವರಿಯಲ್ಲಿ ಆಜ್ಞಾಪಿಸಿತು. 2022ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯವು ಮತ್ತೊಮ್ಮೆ ವಿಚಾರಿಸಿದಾಗ, ಪಟ್ಟಿಯಲ್ಲಿದ್ದ 3,704 ಮಂದಿಯಲ್ಲಿ ಆ ಹಣವು ಮುಟ್ಟಿದ್ದುದು ನ್ಯಾಯಾಲಯದವರೆಗೂ ಬರಬಲ್ಲವರಾಗಿದ್ದ ಎಂಟು ಮಂದಿಗೆ.