ಗುರುತೇ ಇಲ್ಲದ ಹಾವು ಕಡಿತ

ಬೆಳಗಿನ ಜಾವ 4 ಗಂಟೆ. ಹೊಟ್ಟೆನೋವು ಅಂತ ಬಂದಿದ್ದಾರೆ. ಕಣ್ಣುರೆಪ್ಪೆ ಜೋತುಬಿದ್ದಿದೆ. ನಿದ್ದೆಗಣ್ಣು ಅಂದ್ಕೊಂಡ್ರಾ? ಗ್ಯಾಸಿನ ಇಂಜೆಕ್ಷನ್ ಬರೆಯೋ ಮುಂಚೆ ಒಂದು ಮಾತು ಕೇಳಿ ಡಾಕ್ಟ್ರೇ: "ರಾತ್ರಿ ನೆಲದ ಮೇಲೆ ಮಲಗಿದ್ರಾ?"

ಹೌದು ಅಂದ್ರೆ ಕಟ್ಟುಹಾವು ಕಚ್ಚಿರಬಹುದು. ಅದು ಕಚ್ಚಿದ ಕಡೆ ಊತ ಇರೋದು ಅಪರೂಪ, ಎಷ್ಟೋ ಸಲ ಗುರುತೂ ಕಾಣಲ್ಲ. ಗಾಜಿನ ಟ್ಯೂಬಲ್ಲಿ 20 ನಿಮಿಷ ಇಟ್ಟ ರಕ್ತ ಸರಿಯಾಗೇ ಹೆಪ್ಪುಗಟ್ಟುತ್ತೆ. ಅದನ್ನ ನೋಡಿ ನಿರಾಳ ಆಗ್ಬೇಡಿ. ಆ ಪರೀಕ್ಷೆ ಹಿಡಿಯೋದು ಮಂಡಲದ ಹಾವುಗಳ ವಿಷವನ್ನ. ಕಟ್ಟುಹಾವಿನ ವಿಷ ನರಗಳ ಮೇಲೆ ಕೂರುತ್ತೆ.

ಆಂಟಿವೆನಮ್ ತಡಮಾಡ್ಬೇಡಿ. ಒಂದೇ ಉಸಿರಲ್ಲಿ ಎಷ್ಟು ಎಣಿಸ್ತಾರೆ, ಆಗಾಗ ನೋಡಿ. ಎಣಿಕೆ ಇಳೀತಿದ್ರೆ ಸೀನಿಯರ್‌ನ ಎಬ್ಬಿಸಿ, ಬೈದ್ರೆ ಬೈಸ್ಕೊಳ್ಳಿ. ಉಸಿರಿನ ಟ್ಯೂಬ್ ಹಾಕೋಕೆ ತಯಾರಾಗಿ.

ಅಂದಹಾಗೆ, ಆಂಟಿವೆನಮ್ ಮಕ್ಕಳಿಗೂ ದೊಡ್ಡವರಷ್ಟೇ ಡೋಸ್.